ಗಂಟಲ ರಿಪೋರ್ಟಿನಿಂದ ಜಠರದ ಬ್ಯಾಕ್ಟೀರಿಯಾ ಎಚ್. ಪೈಲೋರಿವರೆಗೆ: ಯಾವ ಸೂಕ್ಷ್ಮಾಣುವಿಗೆ ಔಷಧ ಬೇಕು, ಯಾವುದಕ್ಕೆ ಬೇಡ

"ರಿಪೋರ್ಟಿನ್ಯಾಗ ಏನೋ ಬ್ಯಾಕ್ಟೀರಿಯಾದ ಹೆಸರು ಬಂದೈತ್ರಿ, ಯಾವ ಗುಳಿಗಿ ತಗೋಬೇಕ್ರಿ?" ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಜೊತೆಗೆ ಲ್ಯಾಬ್ ರಿಪೋರ್ಟಿನ ಫೋಟೊ ಇರುತ್ತದೆ. ಎಷ್ಟೋ ಸಲ ಕೇಳುವ ಹೊತ್ತಿಗಾಗಲೇ ಮೆಡಿಕಲ್ ಅಂಗಡಿಯಿಂದ ತಂದ ಆಂಟಿಬಯೋಟಿಕ್ ಮೂರು ದಿನ ನುಂಗಿಯೂ ಆಗಿರುತ್ತದೆ. ಆಂಟಿಬಯೋಟಿಕ್ ಅಂದರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಅಥವಾ ಅವು ಬೆಳೆಯದಂತೆ ತಡೆಯುವ ಔಷಧ. ವೈರಸ್ಸಿಗಾಗಲಿ ಶಿಲೀಂಧ್ರಕ್ಕಾಗಲಿ ಅದು ತಾಗುವುದಿಲ್ಲ.

ಹೆಸರು ಬಂದ ಮಾತ್ರಕ್ಕೆ ರೋಗ ಬಂದಂತಲ್ಲ. ಮನುಷ್ಯರ ಬಾಯಲ್ಲಿ ಇದುವರೆಗೆ 700ಕ್ಕೂ ಹೆಚ್ಚು ಜಾತಿಯ ಬ್ಯಾಕ್ಟೀರಿಯಾಗಳನ್ನು ಗುರುತಿಸಿದ್ದಾರೆ. ಡಚ್ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ ತನ್ನ ಹಲ್ಲಿನ ಸಂದಿಯ ಬಿಳಿ ಪಾಚಿಯನ್ನು ತಾನೇ ಮಾಡಿದ ಮಸೂರದಲ್ಲಿ ನೋಡಿ, ಅಲ್ಲಿ ಓಡಾಡುವ ಜೀವಿಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದದ್ದು 1683ರಲ್ಲಿ. ಅವನಿಗೆ ಆಗ ಯಾವ ಬಾಯಿರೋಗವೂ ಇರಲಿಲ್ಲ. ಈ ಸೂಕ್ಷ್ಮಾಣುಗಳು ನಮ್ಮೊಂದಿಗೇ ಇರುವಂಥವು. ಬೆಳೆ ದಟ್ಟವಾಗಿ ನಿಂತ ಹೊಲದಲ್ಲಿ ಕಸಕ್ಕೆ ಜಾಗ ಸಿಗದ ಹಾಗೆ, ಇವು ತುಂಬಿಕೊಂಡಿರುವ ಬಾಯಲ್ಲಿ ಹೊರಗಿನ ರೋಗಾಣುಗಳು ಬೇರೂರುವುದು ಕಷ್ಟ. ಬೇಡದ ಆಂಟಿಬಯೋಟಿಕ್ ನುಂಗಿದಾಗ ಮೊದಲು ಸಾಯುವುದು ಇವೇ. ಇವು ತೆರವು ಮಾಡಿದ ಜಾಗಕ್ಕೆ ಕ್ಯಾಂಡಿಡಾ ಎಂಬ ಶಿಲೀಂಧ್ರ ನುಗ್ಗುತ್ತದೆ.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ಮೂರು. ಯಾವ ಸೂಕ್ಷ್ಮಾಣು? ಎಲ್ಲಿ ಸಿಕ್ಕಿತು? ಆ ಮನುಷ್ಯನಿಗೆ ಆಗುತ್ತಿರುವ ತೊಂದರೆಗೂ ಅದಕ್ಕೂ ಸಂಬಂಧ ಇದೆಯೇ? ಕೆಳಗಿನ ಹಂತಗಳೆಲ್ಲ ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವ ದಾರಿ.

ಮೊದಲು ಇವನ್ನು ಜೋಡಿಸಿಕೊಳ್ಳಿ

ಒಂದು ಕನ್ನಡಿ, ಒಂದು ಟಾರ್ಚ್ (ಮೊಬೈಲಿನದೂ ಸಾಕು), ಒಂದು ಸ್ವಚ್ಛ ಹತ್ತಿಬಟ್ಟೆಯ ತುಂಡು. ಹಳೆಯ ಹೊಸ ರಿಪೋರ್ಟುಗಳೆಲ್ಲ ಒಂದು ಕಡೆ ಇರಲಿ. ಕಳೆದ ಒಂದು ತಿಂಗಳಲ್ಲಿ ತೆಗೆದುಕೊಂಡ ಗುಳಿಗೆಗಳ ಪಟ್ಟಿ ಬರೆಯಿರಿ: ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆಗಳ ಜೊತೆಗೆ ಎದೆಯುರಿಗೆ ನುಂಗಿದ್ದು, ಸೊಂಟನೋವಿಗೆ ನುಂಗಿದ್ದು, ದಮ್ಮಿನ ಇನ್‌ಹೇಲರ್ ಎಲ್ಲವೂ ಅದರಲ್ಲಿರಲಿ. ಗುಟ್ಕಾ, ತಂಬಾಕು-ಸುಣ್ಣ, ಅಡಿಕೆ, ಮಿಶ್ರಿ ಯಾವುದೇ ಅಭ್ಯಾಸವಿದ್ದರೂ ಮುಚ್ಚಿಡದೆ ಬರೆಯಿರಿ. ಮನೆಯ ಹೆಣ್ಣುಮಕ್ಕಳು ಹಲ್ಲಿಗೆ ಹಚ್ಚುವ ಮಿಶ್ರಿ ಹುರಿದ ತಂಬಾಕಿನ ಪುಡಿಯೇ. "ತಂಬಾಕು ತಿನ್ನೂದಿಲ್ರಿ" ಎಂದು ಹೇಳುವಾಗ ಅದನ್ನು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಬಿಡಬೇಡಿ.

ಹಂತ 1: ಇವತ್ತೇ ಆಸ್ಪತ್ರೆಗೆ ಹೋಗಬೇಕೇ, ನೋಡಿ

ಮುಂದೆ ಓದುವ ಮುನ್ನ ಇದನ್ನು ಖಚಿತಪಡಿಸಿಕೊಳ್ಳಿ. ಈ ಕೆಳಗಿನ ಯಾವುದೇ ಒಂದು ಇದ್ದರೂ ಮನೆಮದ್ದಿಗೆ ಸಮಯ ಕೊಡಬೇಡಿ.

ಹಲ್ಲುನೋವಿನ ಜೊತೆ ದವಡೆಯ ಕೆಳಗೆ, ಗದ್ದದ ಅಡಿಗೆ ಗಟ್ಟಿಯಾದ ಬಾವು ಬಂದು ನಾಲಿಗೆ ಮೇಲೆದ್ದಂತಾಗುವುದು, ನುಂಗಲು ಅಥವಾ ಉಸಿರಾಡಲು ಕಷ್ಟವಾಗುವುದು. ಹುಳುಕು ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದಿರುವ ಲಕ್ಷಣ ಇದು. ಕೆಲವೇ ಗಂಟೆಗಳಲ್ಲಿ ಉಸಿರಿನ ದಾರಿ ಮುಚ್ಚಬಹುದು. ಅಂಥ ಬಾವಿಗೆ ಶಾಖ ಕೊಡಲೇಬೇಡಿ.

ಮಗುವಿನ ಗಂಟಲಲ್ಲಿ ಬೂದು-ಬಿಳಿ ಪೊರೆ, ಕುತ್ತಿಗೆ ಊದಿಕೊಂಡಿರುವುದು, ದನಿ ಕಟ್ಟುವುದು. ಇದು ಗಂಟಲುಮಾರಿ, ಅಂದರೆ ಡಿಫ್ತೀರಿಯಾ ಇರಬಹುದು. ಅದು ಹಳೆಯ ಕಾಲದ ರೋಗ ಎಂದುಕೊಂಡವರು ಬಹಳ ಮಂದಿ, ಆದರೆ ಉತ್ತರ ಕರ್ನಾಟಕದಿಂದ ಅದಿನ್ನೂ ಪೂರ್ತಿ ಹೋಗಿಲ್ಲ. ಪೊರೆಯನ್ನು ನೀವಾಗಿ ಕೀಳಬೇಡಿ, ರಕ್ತ ಒಸರುತ್ತದೆ. ಲಸಿಕೆ ಕಾರ್ಡನ್ನೂ ಆಸ್ಪತ್ರೆಗೆ ಒಯ್ಯಿರಿ. 6, 10, 14ನೇ ವಾರದ ಪೆಂಟಾವಲೆಂಟ್, 16ರಿಂದ 24 ತಿಂಗಳೊಳಗಿನ ಮತ್ತು 5ರಿಂದ 6 ವರ್ಷದೊಳಗಿನ ಡಿಪಿಟಿ, 10 ಮತ್ತು 16ನೇ ವರ್ಷದ ಟಿಡಿ: ಗಂಟಲುಮಾರಿ ತಡೆಯುವ ಇಷ್ಟೂ ಲಸಿಕೆಗಳು ಸರ್ಕಾರದಿಂದ ಉಚಿತ. ಶಾಲೆಗೆ ಸೇರಿದ ಮೇಲಿನ ಲಸಿಕೆಗಳೇ ನಮ್ಮಲ್ಲಿ ಹೆಚ್ಚು ತಪ್ಪುತ್ತವೆ.

ರಕ್ತವಾಂತಿ, ಅಥವಾ ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ. ಕಬ್ಬಿಣದ ಗುಳಿಗೆಯಿಂದಲೂ ಬಿಸ್ಮತ್ ಎಂಬ ಔಷಧದಿಂದಲೂ ಮಲ ಕಪ್ಪಾಗುತ್ತದೆ. ಆದರೆ ಆ ಅನುಮಾನವನ್ನು ವೈದ್ಯರು ಬಗೆಹರಿಸಲಿ.

ಹಂತ 2: ಬೆಳಕಿನಲ್ಲಿ ಬಾಯಿ ನೋಡಿಕೊಳ್ಳಿ

ನೀರಿನಿಂದ ಬಾಯಿ ಮುಕ್ಕಳಿಸಿ, ಟಾರ್ಚ್ ಹಾಕಿ ನೋಡಿ. ನಾಲಿಗೆಯ ಮೇಲೆ, ಕೆಳಗೆ, ಎರಡೂ ಅಂಚು, ಕೆನ್ನೆಗಳ ಒಳಭಾಗ, ಅಂಗುಳ, ವಸಡು.

ಬಿಳಿ ಕಂಡರೆ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಮೊಸರಿನ ಗಸಿಯಂತೆ ಎದ್ದು ಬಂದು ಕೆಳಗೆ ಕೆಂಪಗೆ ಕಂಡರೆ ಕ್ಯಾಂಡಿಡಾ ಸೋಂಕಿನ ಸಂಶಯ. ಹಂತ 4 ನೋಡಿ. ಎಷ್ಟು ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆಯಾದರೆ, ಅದರಲ್ಲೂ ತಂಬಾಕು ಅಡಿಕೆಯ ಅಭ್ಯಾಸವಿದ್ದರೆ, ಅದಕ್ಕೆ ಯಾವ ಮುಲಾಮೂ ಹಚ್ಚಬೇಡಿ. ಕ್ಯಾನ್ಸರಿಗೆ ತಿರುಗಬಲ್ಲ ಮಚ್ಚೆ ಅದಾಗಿರಬಹುದು. ದಂತವೈದ್ಯರು ನೋಡಿ, ಅಗತ್ಯವಿದ್ದರೆ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ನೋವಿಲ್ಲವೆಂದು ಮುಂದೂಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಇಂಥ ಮಚ್ಚೆಗಳು ಶುರುವಿನಲ್ಲಿ ನೋಯುವುದೇ ಇಲ್ಲ.

ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಸೇರಿಸಿ, ಮೇಲಿನ ಕೆಳಗಿನ ಮುಂಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ, ಖಾರ ತಿಂದರೆ ಬಾಯೆಲ್ಲ ಉರಿಯುತ್ತಿದ್ದರೆ, ಅಡಿಕೆ-ಗುಟ್ಕಾದಿಂದ ಕೆನ್ನೆಯ ಒಳಚರ್ಮ ಬಿಗಿದುಕೊಳ್ಳುತ್ತಿರಬಹುದು. ಇದು ಸೋಂಕಲ್ಲ, ಇದಕ್ಕೆ ಆಂಟಿಬಯೋಟಿಕ್ ಕೆಲಸಕ್ಕೆ ಬಾರದು. ಅಡಿಕೆ ಬಿಡದೆ ಯಾವ ಚಿಕಿತ್ಸೆಯೂ ಹಿಡಿಯುವುದಿಲ್ಲ.

ಸಣ್ಣ, ದುಂಡಗಿನ, ನೋಯುವ ಬಾಯಿಹುಣ್ಣುಗಳು ಹೆಚ್ಚಾಗಿ ಒಂದೆರಡು ವಾರದಲ್ಲಿ ತಾವಾಗಿ ಮಾಯುತ್ತವೆ. ಅವೂ ಅಂಟುರೋಗವಲ್ಲ. ತುಟಿಯಂಚಿನಲ್ಲಿ ನೀರುಗುಳ್ಳೆಗಳ ಗೊಂಚಲು ಬೇರೆ; ಅದು ಹರ್ಪಿಸ್ ವೈರಸ್ಸಿನದು, ಮುದ್ದು ಮಾಡುವಾಗ ಕೂಸುಗಳಿಗೆ ಅಂಟುತ್ತದೆ. ಯಾವುದೇ ಹುಣ್ಣು ಮೂರು ವಾರ ದಾಟಿದರೆ ತೋರಿಸಲೇಬೇಕು.

ಹಲ್ಲಿನ ಮೇಲಿನ ಕಂದು ಪಟ್ಟೆಗಳ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮ್ ಮಿತಿ ದಾಟಿದ ನೀರನ್ನು ಹಲ್ಲು ಮೂಡುವ ವಯಸ್ಸಿನ ಮಕ್ಕಳು ಕುಡಿದರೆ ಈ ಕಲೆ ಹುಟ್ಟುತ್ತದೆ. ಇದರಲ್ಲಿ ಬ್ಯಾಕ್ಟೀರಿಯಾದ ಪಾತ್ರ ಏನೂ ಇಲ್ಲ. ಇಟ್ಟಿಗೆ ಪುಡಿ, ಬೂದಿ ಹಾಕಿ ಉಜ್ಜಿದರೆ ಕಲೆ ಹೋಗದು, ಹಲ್ಲಿನ ಹೊಳಪು ಪದರವೇ ಸವೆಯುತ್ತದೆ.

ಹಂತ 3: ಗಂಟಲುನೋವು ಮತ್ತು ಸ್ವಾಬ್ ರಿಪೋರ್ಟ್

ಗಂಟಲುನೋವಿಗೆ ಬಹುಪಾಲು ವೈರಸ್ಸುಗಳೇ ಕಾರಣ. ಮೂಗು ಸೋರುವುದು, ಕೆಮ್ಮು, ದನಿ ಒಡೆಯುವುದು ಜೊತೆಗಿದ್ದರೆ ಬೆಚ್ಚಗಿನ ಉಪ್ಪುನೀರು, ಜ್ವರಕ್ಕೆ ಪ್ಯಾರಾಸಿಟಮಾಲ್, ವಿಶ್ರಾಂತಿ ಸಾಕು. ಕೆಮ್ಮಿಲ್ಲದೆ ಹಠಾತ್ತನೆ ಜ್ವರ, ಟಾನ್ಸಿಲ್ ಮೇಲೆ ಕೀವು, ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಡ್ಡೆಗಳು, ವಯಸ್ಸು 5ರಿಂದ 15: ಇವೆಲ್ಲ ಕೂಡಿದರೆ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸಂಶಯ ಬರುತ್ತದೆ. ಇದನ್ನು ಹಗುರವಾಗಿ ಎಣಿಸಬಾರದು. ಚಿಕಿತ್ಸೆ ತಪ್ಪಿದರೆ ಕೆಲವು ಮಕ್ಕಳಲ್ಲಿ ವಾತಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ವೈದ್ಯರು ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಅನ್ನು 10 ದಿನಕ್ಕೆ ಬರೆದುಕೊಟ್ಟರೆ 10 ದಿನವೂ ಕೊಡಿ. ಮೂರನೇ ದಿನ ಜ್ವರ ಇಳಿದು ಮಗು ಆಟಕ್ಕೆ ಓಡುತ್ತದೆ, ಔಷಧ ಅಲ್ಲಿಗೇ ನಿಲ್ಲುತ್ತದೆ. ಹಾಗೆ ಆಗಗೊಡಬೇಡಿ.

ಸ್ವಾಬ್ ಅಂದರೆ ಗಂಟಲಿಗೆ ಹತ್ತಿಯ ಕಡ್ಡಿ ತಾಗಿಸಿ ತೆಗೆಯುವ ಮಾದರಿ. ಅದನ್ನು ಆಂಟಿಬಯೋಟಿಕ್ ಶುರು ಮಾಡುವ ಮುನ್ನವೇ ಕೊಡಬೇಕು. ಎರಡು ಗುಳಿಗೆ ನುಂಗಿ ಬಂದರೆ ಹುಡುಕುವ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು. ಮಾದರಿ ಕೊಡುವ ಮುನ್ನ ಮೌತ್‌ವಾಶ್ ಬಳಸಬೇಡಿ.

ರಿಪೋರ್ಟಿನಲ್ಲಿ 'ನಾರ್ಮಲ್ ಫ್ಲೋರಾ' ಎಂದಿದ್ದರೆ ಬಾಯಲ್ಲಿ ಸದಾ ಇರುವ ಸೂಕ್ಷ್ಮಾಣುಗಳು ಮಾತ್ರ ಬೆಳೆದಿವೆ ಎಂದರ್ಥ. ಚಿಕಿತ್ಸೆ ಬೇಡ. 'ಆಲ್ಫಾ ಹಿಮೋಲಿಟಿಕ್' ಅಥವಾ 'ವಿರಿಡಾನ್ಸ್ ಸ್ಟ್ರೆಪ್ಟೊಕಾಕಸ್' ಎಂದಿದ್ದರೂ ಅಷ್ಟೇ. ಸ್ಟ್ರೆಪ್ಟೊಕಾಕಸ್ ಎಂಬ ಹೆಸರು ನೋಡಿ ಗಾಬರಿಯಾಗಬೇಡಿ, ಇವು ಬಾಯಿಯ ಖಾಯಂ ನಿವಾಸಿಗಳು. 'ಬೀಟಾ ಹಿಮೋಲಿಟಿಕ್, ಗ್ರೂಪ್ ಎ' ಎಂದಿದ್ದು ಲಕ್ಷಣಗಳೂ ಇದ್ದರೆ ಚಿಕಿತ್ಸೆ ಬೇಕು. ಲಕ್ಷಣವೇ ಇಲ್ಲದ ಕೆಲವು ಮಕ್ಕಳ ಗಂಟಲಲ್ಲಿಯೂ ಅದು ಸುಮ್ಮನೆ ಇರುತ್ತದೆ.

ವಿರಿಡಾನ್ಸ್ ಗುಂಪಿನ ಬಗ್ಗೆ ಒಂದು ಎಚ್ಚರಿಕೆ. ಹಲ್ಲು ಕೀಳುವಾಗ ಇವು ರಕ್ತಕ್ಕೆ ಇಳಿಯುತ್ತವೆ. ಬಹುತೇಕರಲ್ಲಿ ದೇಹವೇ ಅವನ್ನು ತೆಗೆದುಹಾಕುತ್ತದೆ. ಆದರೆ ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರಲ್ಲಿ, ಹಿಂದೊಮ್ಮೆ ಹೃದಯದ ಒಳಪದರಕ್ಕೆ ಸೋಂಕು ತಗುಲಿದವರಲ್ಲಿ ಅಲ್ಲಿಯೇ ಬೀಡುಬಿಡಬಹುದು. ಅಂಥವರು ದಂತವೈದ್ಯರ ಕುರ್ಚಿ ಏರುವ ಮೊದಲೇ ಈ ವಿಷಯ ಹೇಳಬೇಕು.

ಇನ್ನೊಂದು ರಿಪೋರ್ಟ್ ಎ.ಎಸ್.ಒ. ಎಂಬ ರಕ್ತಪರೀಕ್ಷೆಯದು. ಅದು ಹೆಚ್ಚಿದ್ದರೆ ಹಿಂದೆಂದೋ ಸ್ಟ್ರೆಪ್ಟೊಕಾಕಸ್ ಸೋಂಕು ಆಗಿತ್ತು ಎಂದಷ್ಟೇ ತಿಳಿಯುತ್ತದೆ. ಮಕ್ಕಳಲ್ಲಿ ಅದು ಹೆಚ್ಚಿರುವುದು ಅಪರೂಪವಲ್ಲ. ಆ ಒಂದು ಅಂಕಿಯನ್ನೇ ನಂಬಿ ತಿಂಗಳಿಗೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಶುರು ಮಾಡಬೇಕಿಲ್ಲ. ಕೀಲುಬಾವು, ಹೃದಯದ ಎಕೋ ಪರೀಕ್ಷೆ ಎಲ್ಲವನ್ನೂ ನೋಡಿಯೇ ವಾತಜ್ವರ ಹೌದೋ ಅಲ್ಲವೋ ತೀರ್ಮಾನಿಸುತ್ತಾರೆ. ಅದು ವಾತಜ್ವರವೇ ಎಂದು ಖಚಿತವಾದವರು ಮಾತ್ರ ಆ ಇಂಜೆಕ್ಷನ್ ಒಂದನ್ನೂ ತಪ್ಪಿಸಬಾರದು.

ಹಂತ 4: ಬಾಯಿಯ ಬಿಳಿ ಪೊರೆ, ಕ್ಯಾಂಡಿಡಾ

ಆರೋಗ್ಯವಂತರಲ್ಲೂ ಎಷ್ಟೋ ಜನರ ಬಾಯಲ್ಲಿ ಕ್ಯಾಂಡಿಡಾ ಸ್ವಲ್ಪ ಇರುತ್ತದೆ. ಕಫದ ರಿಪೋರ್ಟಿನಲ್ಲಿ ಅದರ ಹೆಸರು ಬಂದರೆ ಹೆಚ್ಚಾಗಿ ಬಾಯಿಂದಲೇ ಬಂದಿರುತ್ತದೆ. ಅದು ಪೊರೆಯಾಗಿ ಹಬ್ಬಿದಾಗ ಮಾತ್ರ ಚಿಕಿತ್ಸೆ, ಅದರ ಜೊತೆಗೆ "ಯಾಕೆ ಹಬ್ಬಿತು?" ಎಂಬ ಪ್ರಶ್ನೆ.

ಮೊದಲು ಸಕ್ಕರೆ ಕಾಯಿಲೆ ಇದೆಯೇ ನೋಡಿಸಿ. ಇನ್‌ಹೇಲರ್ ಬಳಸುವವರು ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗಿಯಿರಿ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು, ತೊಳೆದು, ನೀರಲ್ಲಿಡಿ, ಹಾಕಿಕೊಂಡೇ ಮಲಗಬೇಡಿ. ಈ ಯಾವ ಕಾರಣವೂ ಇಲ್ಲದ ದೊಡ್ಡವರಲ್ಲಿ ಬಿಳಿ ಪೊರೆ ಕಂಡರೆ ಎಚ್‌ಐವಿ ಪರೀಕ್ಷೆ ಮಾಡಿಸುವುದು ಸರಿಯಾದ ನಡೆ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆ) ಕೇಂದ್ರಗಳಲ್ಲಿ ಅದು ಉಚಿತ, ವಿಷಯ ಗುಟ್ಟಾಗಿಯೂ ಇರುತ್ತದೆ. ನಾಚಿಕೆಯಿಂದ ಇದನ್ನು ಬಿಟ್ಟವರು ಕಳೆದುಕೊಳ್ಳುವುದು ಅಮೂಲ್ಯವಾದ ಸಮಯವನ್ನು.

ಬಾಯಿಗೆ ಹಚ್ಚುವ ಕ್ಲೋಟ್ರಿಮಜೋಲ್ ಅಥವಾ ನಿಸ್ಟಾಟಿನ್ ಹನಿಗಳನ್ನು ವೈದ್ಯರು ಒಂದೆರಡು ವಾರಕ್ಕೆ ಕೊಡುತ್ತಾರೆ. ಪೊರೆಯ ಜೊತೆಗೆ ನುಂಗುವಾಗ ಎದೆಯ ಹಿಂದೆ ನೋವಿದ್ದರೆ ಶಿಲೀಂಧ್ರ ಅನ್ನನಾಳಕ್ಕೂ ಇಳಿದಿರುವ ಸಾಧ್ಯತೆ ಇದೆ. ಆಗ ಹಚ್ಚುವ ಔಷಧ ಸಾಲದು, ನುಂಗುವ ಗುಳಿಗೆ ಬೇಕು. ರಕ್ತ ತೆಳುಮಾಡುವ ಔಷಧ ಅಥವಾ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು ಅದನ್ನು ಮೊದಲೇ ತಿಳಿಸಿ.

ಕೂಸಿನ ಬಾಯಿ ಬೆಳ್ಳಗಾದರೆ ಜೇನುತುಪ್ಪದಲ್ಲಿ ಬಿಳಿಗಾರ ಕಲಸಿ ಹಚ್ಚುವ ರೂಢಿ ಇದೆ. ದಯವಿಟ್ಟು ನಿಲ್ಲಿಸಿ. ಬಿಳಿಗಾರ ಕೂಸಿನ ಹೊಟ್ಟೆಗೆ ಹೋದರೆ ವಿಷ; ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವೂ ಅಪಾಯ.

ಹಂತ 5: ದಿನನಿತ್ಯ ಸೂಕ್ಷ್ಮಾಣುಗಳನ್ನು ಹದ್ದುಬಸ್ತಿನಲ್ಲಿಡುವುದು

ಹಲ್ಲಿನ ಮೇಲಿನ ಪಾಚಿ ಗಟ್ಟಿಯಾಗಿ ಕಿಟ್ಟವಾಗುವ ಮೊದಲೇ ತೆಗೆಯಬೇಕು. ದಿನಕ್ಕೆ ಎರಡು ಸಲ, ಮೆದು ಬ್ರಷ್, ಫ್ಲೋರೈಡ್ ಪೇಸ್ಟ್, ರಾತ್ರಿಯದಂತೂ ತಪ್ಪಬಾರದು, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಹುಟ್ಟುವ ಜೊಲ್ಲೇ ಬಾಯನ್ನು ತೊಳೆಯುವುದು, ಆಮ್ಲವನ್ನು ತಣಿಸುವುದು. ಸಣ್ಣ ಮಕ್ಕಳಿಗೆ ಅಕ್ಕಿಕಾಳಿನಷ್ಟೇ ಪೇಸ್ಟ್, ನುಂಗದಂತೆ ಎದುರಿಗೆ ನಿಂತು ಉಜ್ಜಿಸಿ. ವಸಡಿನಿಂದ ರಕ್ತ ಬಂದರೆ ಬ್ರಷ್ ಮಾಡುವುದನ್ನು ಬಿಡಬೇಡಿ, ಮೆಲ್ಲಗೆ ಮುಂದುವರಿಸಿ. ಶುರುವಿನ ವಸಡುಬಾವು ಇದರಿಂದಲೇ ಇಳಿಯುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ವಸಡು ಬೇಗ ಕೆಡುತ್ತದೆ, ಕೆಟ್ಟ ವಸಡಿನಿಂದ ಸಕ್ಕರೆಯೂ ಏರುತ್ತದೆ. ಎರಡನ್ನೂ ಒಟ್ಟಿಗೇ ನೋಡಿಕೊಳ್ಳಬೇಕು.

ಹುಳುಕು ಮಾಡುವ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಆಮ್ಲ ತಯಾರಾಗುತ್ತದೆ. ಅದು ತಣಿಯಲು ಅರ್ಧ ಗಂಟೆಯಾದರೂ ಬೇಕು. ಹೀಗಾಗಿ ಎಷ್ಟು ಸಿಹಿ ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದು ಮುಖ್ಯ. ಗೋಕಾಕ, ಅಮೀನಗಡದ ಕರದಂಟು ಬೆಲ್ಲ ಮತ್ತು ಅಂಟಿನದು, ಹಲ್ಲಿನ ಸಂದಿಯಲ್ಲಿ ಹಿಡಿದು ನಿಲ್ಲುತ್ತದೆ. ತಿನ್ನಿ, ಆದರೆ ಊಟದ ಜೊತೆಗೇ ತಿಂದು ಬಾಯಿ ಮುಕ್ಕಳಿಸಿ. ದಿನಕ್ಕೆ ಐದಾರು ಸಲ ಸಿಹಿ ಚಹಾ ಕುಡಿಯುವವರಿಗೆ ಕರದಂಟಿಗಿಂತ ಚಹಾದಿಂದಲೇ ಹೆಚ್ಚು ಹಾನಿ.

ಮೌತ್‌ವಾಶ್ ಬಗ್ಗೆ: ಕ್ಲೋರ್‌ಹೆಕ್ಸಿಡಿನ್ ಇರುವಂಥದ್ದನ್ನು ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ವಾರ, ಮಾತ್ರ ಬಳಸಿ. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಮೆಂತ್ಯ, ಪಾಲಕದಂಥ ಸೊಪ್ಪಿನಲ್ಲಿರುವ ನೈಟ್ರೇಟನ್ನು ರಕ್ತನಾಳ ಸಡಿಲಿಸುವ ವಸ್ತುವಾಗಿ ಬದಲಿಸಲು ನೆರವಾಗುವ ನಾಲಿಗೆಯ ಬ್ಯಾಕ್ಟೀರಿಯಾಗಳೂ ಅದರಿಂದ ಸಾಯುತ್ತವೆ.

ನೋಯುವ ಹಲ್ಲಿನ ತೂತಿಗೆ ತಂಬಾಕು ತುಂಬುವುದು, ಆಸ್ಪಿರಿನ್ ಗುಳಿಗೆ ಒತ್ತಿಡುವುದು ಎರಡೂ ಬೇಡ, ವಸಡು ಸುಟ್ಟುಹೋಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ನಗರಗಳಲ್ಲಿ ದಂತವೈದ್ಯ ಕಾಲೇಜುಗಳಿವೆ. ಖಾಸಗಿ ದವಾಖಾನೆಯ ಖರ್ಚಿಗೆ ಹೆದರಿ ಮನೆಯಲ್ಲೇ ಕೂರಬೇಡಿ, ಅಲ್ಲಿನ ಹೊರರೋಗಿ ವಿಭಾಗಕ್ಕೆ ಹೋಗಿ.

ಹಂತ 6: ಜಠರದ ಎಚ್. ಪೈಲೋರಿ

ಅತಿ ಹೆಚ್ಚು ಗೊಂದಲ ಇಲ್ಲಿಯೇ. ಜಠರದ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾವೂ ಬದುಕಲಾರದು ಎಂದು ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅದನ್ನು ಸುಳ್ಳು ಮಾಡಿದರು. ಮಾರ್ಷಲ್ 1984ರಲ್ಲಿ ಈ ಬ್ಯಾಕ್ಟೀರಿಯಾ ತುಂಬಿದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು; 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಸುರುಳಿ ಆಕಾರದ ಎಚ್. ಪೈಲೋರಿ ತನ್ನ ಸುತ್ತ ಅಮೋನಿಯಾ ಹುಟ್ಟಿಸಿಕೊಂಡು ಆಮ್ಲದಿಂದ ಪಾರಾಗುತ್ತದೆ. ಹೆಚ್ಚಾಗಿ ಚಿಕ್ಕಂದಿನಲ್ಲಿ, ಮನೆಯವರಿಂದಲೇ, ಎಂಜಲು ಅಥವಾ ಮಲ ತಾಗಿದ ಕೈ-ನೀರಿನ ಮೂಲಕ ಬರುತ್ತದೆ. ಇದ್ದವರಲ್ಲಿ ಬಹುಪಾಲು ಜನರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಕೆಲವರಿಗೆ ಜಠರದ ಹುಣ್ಣು, ಇನ್ನೂ ಕೆಲವರಿಗೆ ವರ್ಷಗಳ ನಂತರ ಜಠರದ ಕ್ಯಾನ್ಸರ್ ಬರಬಹುದು.

ನಮ್ಮ ರೊಟ್ಟಿ, ಖಾರದ ಚಟ್ನಿಯ ಮೇಲೆ ಗೂಬೆ ಕೂರಿಸುವವರು ಬಹಳ. ಖಾರದಿಂದ ಉರಿ ಹೆಚ್ಚಬಹುದು, ಹುಣ್ಣು ಹುಟ್ಟುವುದಿಲ್ಲ. ಹುಣ್ಣಿಗೆ ಮುಖ್ಯ ಕಾರಣಗಳು ಎರಡು: ಎಚ್. ಪೈಲೋರಿ, ಮತ್ತು ಡೈಕ್ಲೊಫಿನಾಕ್, ಐಬುಪ್ರೊಫೇನ್, ಆಸ್ಪಿರಿನ್‌ನಂಥ ನೋವಿನ ಗುಳಿಗೆಗಳು. ಕಬ್ಬು ಕಡಿಯುವ, ಹೊಲದಲ್ಲಿ ದುಡಿಯುವ ಮಂದಿ ಮೈಕೈನೋವಿಗೆ ದಿನಾ ಒಂದು ಗುಳಿಗೆ ನುಂಗುವುದು ಸಾಮಾನ್ಯ. ಎರಡೂ ಕೂಡಿದರೆ ಹುಣ್ಣಿನಿಂದ ರಕ್ತ ಸೋರುವ ಅಪಾಯ ಬಹಳ ಹೆಚ್ಚುತ್ತದೆ.

ಯಾವ ಪರೀಕ್ಷೆ? ರಕ್ತದ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ವಸ್ತು) ಪರೀಕ್ಷೆ ಸುಲಭ, ಆದರೆ ಸೋಂಕು ಈಗ ಇದೆಯೋ ಹಿಂದೆ ಇತ್ತೋ ಎಂದು ಅದು ಹೇಳಲಾರದು. ಆ ಒಂದು ಕಾಗದ ಹಿಡಿದು ಚಿಕಿತ್ಸೆ ಶುರು ಮಾಡಬೇಡಿ. ಈಗಿನ ಸೋಂಕು ತಿಳಿಯಲು ಮಲದ ಆಂಟಿಜೆನ್ (ಬ್ಯಾಕ್ಟೀರಿಯಾದ್ದೇ ಅಂಶ) ಪರೀಕ್ಷೆ, ಯೂರಿಯಾ ಉಸಿರು ಪರೀಕ್ಷೆ, ಅಥವಾ ಎಂಡೋಸ್ಕೋಪಿ ಮಾಡಿ ಜಠರದ ಚೂರಿನ ಪರೀಕ್ಷೆ ಬೇಕು. ಎಂಡೋಸ್ಕೋಪಿ ಅಂದರೆ ಬಾಯಿಯ ಮೂಲಕ ಕ್ಯಾಮರಾ ಇರುವ ತೆಳು ನಳಿಕೆ ಇಳಿಸಿ ನೋಡುವುದು. ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಿದ್ದರೆ, ರಕ್ತಹೀನತೆ ಇದ್ದರೆ, 50 ದಾಟಿದ ಮೇಲೆ ಹೊಸದಾಗಿ ಹೊಟ್ಟೆಯ ತೊಂದರೆ ಶುರುವಾಗಿದ್ದರೆ ನೇರವಾಗಿ ಎಂಡೋಸ್ಕೋಪಿಯೇ ಬೇಕು. ಉಸಿರು ಪರೀಕ್ಷೆಯಲ್ಲಿ ವಿಕಿರಣ ಸೂಸುವ ಕಾರ್ಬನ್-14 ಬಳಸುವ ಬಗೆ ಗರ್ಭಿಣಿಯರಿಗೆ ಬೇಡ.

ಪರೀಕ್ಷೆಗೆ ಎರಡು ವಾರ ಮೊದಲು ಪ್ಯಾಂಟೊಪ್ರಜೋಲ್, ಒಮಿಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಗುಳಿಗೆ ನಿಲ್ಲಿಸಿರಬೇಕು. ಆಂಟಿಬಯೋಟಿಕ್ ಮತ್ತು ಬಿಸ್ಮತ್ ನಾಲ್ಕು ವಾರ ಮೊದಲು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದೂ 'ಇಲ್ಲ' ಎಂದು ಬರುತ್ತದೆ. ಹುಣ್ಣಿನಿಂದ ರಕ್ತ ಹೋಗಿದ್ದವರು ಮಾತ್ರ ವೈದ್ಯರನ್ನು ಕೇಳದೆ ಆಮ್ಲದ ಗುಳಿಗೆ ನಿಲ್ಲಿಸಬಾರದು.

ಚಿಕಿತ್ಸೆ ಸಾಮಾನ್ಯವಾಗಿ 14 ದಿನ, ಮೂರು-ನಾಲ್ಕು ಔಷಧ ಒಟ್ಟಿಗೆ. ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್, ಕ್ಲಾರಿಥ್ರೊಮೈಸಿನ್ ಎರಡಕ್ಕೂ ಈ ಬ್ಯಾಕ್ಟೀರಿಯಾ ಸಾಕಷ್ಟು ಜಗ್ಗದಾಗಿದೆ. ಆದ್ದರಿಂದ ನೆರೆಮನೆಯವರ ಚೀಟಿ ತೋರಿಸಿ ಔಷಧದ ಕಿಟ್ ತರಬೇಡಿ. ಆಮ್ಲದ ಗುಳಿಗೆ ಊಟಕ್ಕೆ ಅರ್ಧ ಗಂಟೆ ಮೊದಲು. ಟೆಟ್ರಾಸೈಕ್ಲಿನ್ ಇದ್ದರೆ ಹಾಲು, ಮೊಸರು, ಕಬ್ಬಿಣದ ಗುಳಿಗೆಯೊಂದಿಗೆ ನುಂಗಬೇಡಿ. ಗರ್ಭಿಣಿಯರಿಗೆ ಅದು ಕೂಡದು. ಮೆಟ್ರೊನಿಡಜೋಲ್ ನಡೆಯುವಾಗ ಮದ್ಯ ಮುಟ್ಟಬೇಡಿ. ಬಾಯಿ ಕಹಿಯಾಗುತ್ತದೆ, ಬಿಸ್ಮತ್‌ನಿಂದ ನಾಲಿಗೆ ಮತ್ತು ಮಲ ಕಪ್ಪಾಗುತ್ತದೆ. ಇದಕ್ಕೆ ಹೆದರಿ ಐದನೇ ದಿನ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಮುಂದಿನ ಸಲ ಆ ಔಷಧಕ್ಕೆ ಬಗ್ಗುವುದಿಲ್ಲ.

ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ನಂತರ ಮಲ ಅಥವಾ ಉಸಿರು ಪರೀಕ್ಷೆ ಮತ್ತೆ ಮಾಡಿಸಲೇಬೇಕು. ಹೊಟ್ಟೆ ಹಗುರಾಯಿತೆಂದು ಬಹುತೇಕರು ಇದನ್ನು ಬಿಡುತ್ತಾರೆ. ರಕ್ತಪರೀಕ್ಷೆ ಇಲ್ಲಿಯೂ ಬೇಡ, ಸೋಂಕು ಹೋದ ಮೇಲೂ ತಿಂಗಳುಗಟ್ಟಲೆ ಅದು 'ಪಾಸಿಟಿವ್' ತೋರಿಸುತ್ತದೆ.

"ಮನಿ ಮಂದಿಗೆಲ್ಲ ಪರೀಕ್ಷೆ ಮಾಡಿಸಬೇಕೇನ್ರಿ?" ತಂದೆ-ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್ ಆಗಿದ್ದರೆ, ಅಥವಾ ದೊಡ್ಡವರಿಗೆ ಹೊಟ್ಟೆಯ ತೊಂದರೆ ಇದ್ದರೆ ವೈದ್ಯರೊಂದಿಗೆ ಮಾತಾಡಿ ಮಾಡಿಸಿ. ಆರೋಗ್ಯವಾಗಿ ಆಡಿಕೊಂಡಿರುವ ಸಣ್ಣ ಮಕ್ಕಳಿಗೆ ಬೇಡ. ಅವರಿಗೆ ರೊಟ್ಟಿಯನ್ನು ಬಾಯಲ್ಲಿ ಅಗಿದು ತಿನ್ನಿಸುವುದನ್ನು ಇಂದೇ ನಿಲ್ಲಿಸಿ. ಹಾಲಲ್ಲಿ ನೆನೆಸಿ, ಕೈ ತೊಳೆದು, ಬೆರಳಿಂದ ಹಿಸುಕಿ ಕೊಡಿ.